ಹೊಳೆ ದಾಟಿ ಕಡಲಿಗೆ: ಮಲೆನಾಡಿನಿಂದ ಲಾಂಚ್, ದೋಣಿ ಪ್ರವಾಸ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮನೆ ಇರುವವರಿಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು ಅಡಿಕೆ ಕೊಯ್ಲಿನದು, ಇನ್ನೊಂದು ನೆಂಟರದು. ದಸರಾ ರಜೆ ಹತ್ತಿರ ಬಂದ ಹಾಗೆ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯಿಂದ ಫೋನು ಶುರುವಾಗುತ್ತದೆ. "ಲಾಂಚ್ ಇದೆಯಾ?", "ಜೋಗದಲ್ಲಿ ನೀರಿದೆಯಾ?", "ಹಾಗೇ ಸಮುದ್ರಕ್ಕೂ ಇಳಿದು ಒಂದು ದೋಣಿ ಹತ್ತಬಹುದಾ?" ಹೇಳಿ ಹೇಳಿ ಬಾಯಿ ಸೋತು, ಈಗ ಬರೆದೇ ಇಟ್ಟಿದ್ದೇನೆ. (ಲಾಂಚ್ ಅಂದರೆ ಹಿನ್ನೀರಿನಲ್ಲಿ ಜನ, ವಾಹನಗಳನ್ನು ದಡದಿಂದ ದಡಕ್ಕೆ ದಾಟಿಸುವ ದೋಣಿ.) ಶರಾವತಿ ಹಿನ್ನೀರಿನಿಂದ ಹಿಡಿದು ಘಾಟಿ ಕೆಳಗಿನ ಹೊನ್ನಾವರ, ಗೋಕರ್ಣ, ಮಲ್ಪೆಯವರೆಗೆ ನಾನು ಓಡಾಡಿದ ನೀರಿನ ದಾರಿಗಳು ಇವು.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಮೊದಲು ನೀವು ಏನು ನೋಡಬೇಕು ಅಂತ ಹೇಳಿ. ಎಲ್ಲರೂ ಎಡವುವುದು ಇಲ್ಲೇ. ಜೋಗ ಭೋರ್ಗರೆಯುವುದು ಜುಲೈ, ಆಗಸ್ಟ್‌ನಲ್ಲಿ. ಆ ಹೊತ್ತಿಗೆ ಕಡಲಿನಲ್ಲಿ ಪ್ರವಾಸಿ ದೋಣಿ ಒಂದೂ ಇರುವುದಿಲ್ಲ. ಕಡಲು ತಣ್ಣಗಾಗಿ ದೋಣಿ ಶುರುವಾದ ಮೇಲೆ ಜೋಗ ಸಣ್ಣಗಾಗಿರುತ್ತದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ತುಂಬಾ ಚೆನ್ನಾಗಿ ನೋಡಬೇಕು ಅಂದರೆ ಆಗುವುದಿಲ್ಲ.

ಇದ್ದುದರಲ್ಲಿ ನಡುವಿನ ಕಾಲ ಅಕ್ಟೋಬರ್, ನವೆಂಬರ್. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಆಗ ಮೈತುಂಬಿಕೊಂಡಿರುತ್ತದೆ. ಕಾಡು ಇನ್ನೂ ಹಸಿರು. ಕರಾವಳಿಯ ದೋಣಿಗಳು ಆಗಷ್ಟೇ ನೀರಿಗಿಳಿದಿರುತ್ತವೆ. ಜೋಗದಲ್ಲೂ ತಕ್ಕಮಟ್ಟಿಗೆ ನೀರು ಸಿಗಬಹುದು, ಆ ವರ್ಷದ ಮಳೆ ಚೆನ್ನಾಗಿ ಆಗಿದ್ದರೆ. ಡಿಸೆಂಬರ್, ಜನವರಿ ಕೂಡ ಹಿತ. ಬೆಳಗ್ಗೆ ಹಿನ್ನೀರಿನ ಮೇಲೆ ಮಂಜು ಕೂತಿರುತ್ತದೆ, ಸ್ವೆಟರ್ ಬೇಕು. ಮಾರ್ಚ್ ಆದಮೇಲೆ ಹೊಳೆ ಇಳಿಯುತ್ತಾ ಹೋಗುತ್ತದೆ. ಆಗ ನೋಡುವ ಚಂದವೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಸಿಗಂದೂರು ಲಾಂಚ್ ಈಗಲೂ ಇದೆಯಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಈಗ ಸಾಗರದಿಂದ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಕಾರು, ಬಸ್ಸು ನಿಲ್ಲದೆ ಹೋಗುತ್ತವೆ. ಅಲ್ಲಿಂದ ಮುಂದೆ ಕೊಲ್ಲೂರಿಗೂ ದಾರಿ ಹತ್ತಿರವಾಗಿದೆ. ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ಗಂಟೆಗಟ್ಟಲೆ ಕಾಯುವ ಕಾಲ ಮುಗಿಯಿತು. ಲಾಂಚ್‌ಗೋಸ್ಕರವೇ ಸಿಗಂದೂರಿಗೆ ಹೊರಡಬೇಡಿ.

ನೆಂಟರಿಗೆ ಇದನ್ನು ಹೇಳಿದರೆ "ಅಯ್ಯೋ, ಲಾಂಚೇ ಚೆನ್ನಾಗಿತ್ತು" ಅನ್ನುತ್ತಾರೆ. ಅವರಿಗೆ ಚೆನ್ನಾಗಿತ್ತು. ಆಚೆ ದಡದ ತುಮರಿ ಕಡೆಯವರನ್ನು ಕೇಳಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ಕಣಿವೆ ಮುಳುಗಿತು. ಕರೂರು, ಬಾರಂಗಿ ಹೋಬಳಿಗಳ ಊರುಗಳು ಹಿನ್ನೀರಿನ ಆಚೆ ಉಳಿದುಬಿಟ್ಟವು. ನಮ್ಮ ಕಡೆ ಇದಕ್ಕೆಲ್ಲ ಸೇರಿ ಒಂದೇ ಮಾತು: ಮುಳುಗಡೆ. ನಾಡಿಗೆಲ್ಲ ಕರೆಂಟು ಬಂತು. ಆಚೆ ದಡದವರಿಗೆ ರಾತ್ರಿ ಹೆರಿಗೆ ನೋವು ಬಂದರೆ ಲಾಂಚ್ ಇಲ್ಲ, ಸುತ್ತುದಾರಿ ಹಿಡಿಯಬೇಕು. ಅರವತ್ತು ವರ್ಷ ಹಾಗೇ ನಡೆಯಿತು. ಲಾಂಚ್ ನಮಗೆ ಮೋಜು, ಅವರಿಗೆ ಗಡಿಯಾರ. ಹಿನ್ನೀರಿನ ದಡದಲ್ಲಿ ಯಾರ ಹತ್ತಿರವಾದರೂ ಮಾತಾಡುವಾಗ ಇದು ನೆನಪಿರಲಿ.

ನೀವು ಆ ಲಾಂಚ್‌ನಲ್ಲಿ ಹೋಗಿದ್ದೀರಾ? ಹೇಗಿರುತ್ತಿತ್ತು?

ಲೆಕ್ಕ ಇಟ್ಟಿಲ್ಲ, ಅಷ್ಟು ಸಲ. ಲಾಂಚ್ ಅಂದರೆ ಸಿನಿಮಾದ ಹಡಗಲ್ಲ. ಚಪ್ಪಟೆ ಕಬ್ಬಿಣದ ಹಲಗೆ, ಸುತ್ತ ಕಂಬಿ, ಒಂದು ಮೂಲೆಯಲ್ಲಿ ಇಂಜಿನ್ನು. ದಡಕ್ಕೆ ಬಂದು ಮೂತಿ ತಾಗಿಸಿ ನಿಂತರೆ ಮುಂದಿನ ಹಲಗೆ ಧಡಾರನೆ ಕೆಳಗೆ ಬೀಳುತ್ತಿತ್ತು. ಬಸ್ಸಿನಿಂದ ಜನರೆಲ್ಲ ಇಳಿಯಬೇಕು. ಡ್ರೈವರ್ ಒಬ್ಬನೇ ಬಸ್ಸನ್ನು ಹಿಂದಕ್ಕೆ ಹಿಂದಕ್ಕೆ ಬಿಟ್ಟುಕೊಂಡು ಹತ್ತಿಸುತ್ತಿದ್ದ. ಕ್ಲೀನರ್ ಕೈಯಲ್ಲಿ ಮರದ ದಿಮ್ಮಿ ಹಿಡಿದು ಚಕ್ರದ ಪಕ್ಕದಲ್ಲೇ ನಡೆಯುತ್ತಿದ್ದ, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡ್ ಹೋಲ್ಡ್!" ಅನ್ನುತ್ತಾ. ಬಸ್ಸು ಏರಿದ ಕ್ಷಣಕ್ಕೆ ಇಡೀ ಲಾಂಚ್ ಒಂದು ಗೇಣು ಕುಸಿದು ಮತ್ತೆ ಎದ್ದು ನಿಲ್ಲುತ್ತಿತ್ತು. ಮೊದಲ ಸಲ ಬಂದವರು ಕಂಬಿ ಗಟ್ಟಿ ಹಿಡಿಯುತ್ತಿದ್ದದ್ದು ಆಗಲೇ. ಪಕ್ಕದಲ್ಲಿ ಹಾಲಿನ ಕ್ಯಾನು, ಅಡಿಕೆ ಮೂಟೆ, ಹರಕೆಯ ಕೋಳಿ, ಶಾಲೆಗೆ ಹೊರಟ ಮಕ್ಕಳು. ಹತ್ತು ಹದಿನೈದು ನಿಮಿಷಕ್ಕೆ ಆಚೆ ದಡ.

ಲಾಂಚ್ ಹತ್ತುವ ಆಸೆ ಇದ್ದೇ ಇದೆ. ಬೇರೆ ಎಲ್ಲಿ ಸಿಗುತ್ತೆ?

ಹಿನ್ನೀರಿನಲ್ಲಿ ಇನ್ನೆರಡು ಕಡವುಗಳ ಹೆಸರು ಬರೆದಿಟ್ಟುಕೊಳ್ಳಿ: ಹಸಿರುಮಕ್ಕಿ ಮತ್ತು ಮುಪ್ಪಾನೆ.

ಹಸಿರುಮಕ್ಕಿ ಸಾಗರದಿಂದ ನಿಟ್ಟೂರು, ಕೊಡಚಾದ್ರಿ ಕಡೆ ಹೋಗುವ ದಾರಿಯಲ್ಲಿದೆ. ಜನ ಕಡಿಮೆ, ನೋಟ ಜಾಸ್ತಿ. ನೀರು ಕಡಿಮೆಯಾದರೆ ಮೊದಲು ನಿಲ್ಲುವ ಲಾಂಚ್ ಕೂಡ ಇದೇ. ಬೇಸಿಗೆಯಲ್ಲಿ ಇದನ್ನು ನಂಬಿ ಹೊರಡಬೇಡಿ. ಇಲ್ಲೂ ಸೇತುವೆ ಕೆಲಸ ಎದ್ದಿದೆ. ಮುಪ್ಪಾನೆ ಕಾರ್ಗಲ್ ಕಡೆಯದು. ಮುಪ್ಪಾನೆ–ಹಲ್ಕೆ ನಡುವೆ ಲಾಂಚ್ ಓಡಾಡಿದ ದಾರಿ ಅದು. ಅಲ್ಲೇ ಅರಣ್ಯ ಇಲಾಖೆಯ ನಿಸರ್ಗಧಾಮವೂ ಇದೆ. ಸುತ್ತ ದಟ್ಟ ಕಾಡು, ಎದುರಿಗೆ ನೀರು. ಸಂಜೆ ಐದರ ಮೇಲೆ ಅಲ್ಲಿ ಸುಮ್ನೆ ಕೂತರೂ ಸಾಕು.

ಹೊರಡುವ ಹಿಂದಿನ ದಿನ ಸಾಗರದ ಬಸ್‌ಸ್ಟ್ಯಾಂಡಿನಲ್ಲೋ, ಉಳಿದುಕೊಂಡ ಮನೆಯವರ ಹತ್ತಿರವೋ "ನಾಳೆ ಲಾಂಚ್ ಬಿಡ್ತಾರಾ, ಕೊನೆಯದು ಎಷ್ಟು ಹೊತ್ತಿಗೆ?" ಅಂತ ಕೇಳಿಕೊಳ್ಳಿ. ಫೋನಿನ ನಕ್ಷೆ ನೀರಿನ ಮೇಲೂ ನೀಲಿ ಗೆರೆ ಎಳೆದು ದಾರಿ ತೋರಿಸುತ್ತದೆ. ಅದಕ್ಕೆ ನೀರು ಇಳಿದದ್ದು ಗೊತ್ತಾಗುವುದಿಲ್ಲ. ನಮ್ಮ ಭಾವ ಒಬ್ಬರು ಹಾಗೇ ಹೋಗಿ, ಸಂಜೆ ಆರಕ್ಕೆ ಖಾಲಿ ದಡದಲ್ಲಿ ಕಾರು ನಿಲ್ಲಿಸಿಕೊಂಡು ಫೋನ್ ಮಾಡಿದ್ದರು. ಆಚೆ ದಡದಲ್ಲಿ ಬುಕ್ ಮಾಡಿದ್ದ ರೂಮಿನ ದೀಪ ಕಾಣಿಸುತ್ತಿತ್ತಂತೆ.

ಲಾಂಚ್‌ಗೆ ಕಾರು ಹತ್ತಿಸಬಹುದಾ?

ನೀರು ಚೆನ್ನಾಗಿದ್ದರೆ ಹತ್ತಿಸುತ್ತಾರೆ. ನೀರು ಇಳಿದಾಗ ಜನರನ್ನಷ್ಟೇ ಬಿಡುತ್ತಾರೆ. ಹತ್ತಿಸುವಾಗ ಲಾಂಚಿನವರು ಹೇಳಿದಷ್ಟೇ ಮಾಡಿ, ನಿಮ್ಮ ಬುದ್ಧಿ ಓಡಿಸಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಎಲ್ಲರೂ ಕೆಳಗಿಳಿದು ನಿಲ್ಲಿ.

ಬೇಸಿಗೆ ರಜೆಯಲ್ಲಿ ಮಾತ್ರ ಬರಲು ಆಗುತ್ತೆ. ಹಿನ್ನೀರಿನಲ್ಲಿ ನೋಡೋಕೆ ಏನಾದರೂ ಇರುತ್ತಾ?

ನನ್ನನ್ನು ಕೇಳಿದರೆ, ಹಿನ್ನೀರಿನ ಕಥೆ ತಿಳಿಯಬೇಕಾದರೆ ಬರಬೇಕಾದದ್ದೇ ಏಪ್ರಿಲ್, ಮೇ ತಿಂಗಳಲ್ಲಿ. ಲಿಂಗನಮಕ್ಕಿಯ ಪೂರ್ತಿ ಮಟ್ಟ 1819 ಅಡಿ. ಬೇಸಿಗೆ ಕೊನೆಗೆ ಅದು ಎಷ್ಟೋ ಅಡಿ ಕೆಳಗಿಳಿದಿರುತ್ತದೆ. ಆಗ ನೀರಿನಿಂದ ಒಂದೊಂದಾಗಿ ಏಳುತ್ತವೆ: ಮುಳುಗಿದ ಕಾಡಿನ ಮರದ ಬೊಡ್ಡೆಗಳು, ಹಳೆಯ ರಸ್ತೆಯ ತುಂಡು, ಯಾರದೋ ಮನೆಯ ಪಾಯ. ಬೊಡ್ಡೆಗಳು ಕಪ್ಪಗೆ, ಗಟ್ಟಿಯಾಗಿ, ಕೈಯಿಂದ ತಟ್ಟಿದರೆ ಠಣ್ ಅನ್ನುವ ಹಾಗೆ ನಿಂತಿರುತ್ತವೆ. ಅರವತ್ತು ವರ್ಷ ನೀರಲ್ಲಿದ್ದರೂ ಕೊಳೆತಿಲ್ಲ. ನೀರು ಅರ್ಧ ಇಳಿದಾಗ ಲಾಂಚಿಗೆ ಅಪಾಯ ಇವುಗಳಿಂದಲೇ. ಮೇಲೆ ಕಾಣುವುದಿಲ್ಲ, ತಳಕ್ಕೆ ತಾಗುತ್ತವೆ.

ಎಲ್ಲಕ್ಕಿಂತ ದೊಡ್ಡದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದು. ಆಮೇಲೆ ಅದಕ್ಕಿಂತ ದೊಡ್ಡ ಲಿಂಗನಮಕ್ಕಿ ಬಂದು ಅಣೆಕಟ್ಟನ್ನೇ ಮುಳುಗಿಸಿತು. ನೀರು ತುಂಬಾ ಇಳಿದ ವರ್ಷ ಪೂರ್ತಿ ಎದ್ದು ನಿಲ್ಲುತ್ತದೆ, ಸೈಫನ್ ಮಾದರಿಯ ಕೋಡಿಗಳ ಸಮೇತ. ಅದರ ಮೇಲೆ ನಡೆದು ಹೋಗುವವರಿದ್ದಾರೆ. ದಾರಿ ಕೆಸರು, ಬಿಸಿಲು ಜೋರು. ಗೊತ್ತಿರುವ ಸ್ಥಳೀಯರ ಜೊತೆ ಬೆಳಗ್ಗೆ ಬೇಗ ಹೋಗಿ, ಹನ್ನೊಂದರೊಳಗೆ ವಾಪಸ್ ಬನ್ನಿ. ಕೆಸರು ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲುದ್ದ ಹೋಗುತ್ತದೆ.

ಜೋಗದಲ್ಲಿ ನೀರಿದೆಯಾ?

ಮಳೆ ಬರ್ತಿದ್ದರೆ ಇದೆ. ಕಾರಣ ಸುಲಭ. ಜೋಗಕ್ಕಿಂತ ಮೇಲೆ ಲಿಂಗನಮಕ್ಕಿ ಕೂತಿದೆ. ಶರಾವತಿ ನೀರೆಲ್ಲ ಅಲ್ಲಿ ನಿಂತು, ಕರೆಂಟು ತೆಗೆಯಲು ಬೇರೆ ದಾರಿಯಲ್ಲಿ ಹೋಗುತ್ತದೆ. 253 ಮೀಟರ್ ಮೇಲಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ಟಿಗೆ ಸಿಗುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆ ನೀರು. ಅಣೆಕಟ್ಟು ತುಂಬಿ ಗೇಟು ತೆಗೆದರೆ ಮಾತ್ರ ಆ ನಾಲ್ಕೂ ಸೇರಿ ಒಂದೇ ಗೋಡೆಯಾಗುತ್ತದೆ. ಅಣೆಕಟ್ಟು ಪ್ರತಿ ವರ್ಷ ತುಂಬುವುದಿಲ್ಲ. ಗೇಟು ತೆಗೆದ ಸುದ್ದಿ ಬಂತು ಅಂದರೆ ರಜೆ ಹಾಕಿ ಓಡಿ ಬನ್ನಿ, ಮುಂದಿನ ವಾರಕ್ಕೆ ಇಡಬೇಡಿ.

ಇನ್ನೊಂದು: ಮಳೆಗಾಲದಲ್ಲಿ ಮಂಜು ಮುಚ್ಚಿ ಏನೂ ಕಾಣದೇ ಹೋಗಬಹುದು. ಕಾಯಿರಿ. ಹತ್ತು ನಿಮಿಷಕ್ಕೆ ಪರದೆ ಸರಿದ ಹಾಗೆ ಸರಿಯುತ್ತದೆ, ಎರಡು ನಿಮಿಷ ತೋರಿಸಿ ಮತ್ತೆ ಮುಚ್ಚುತ್ತದೆ.

ಹೊನ್ನೆಮರಡು ಅಂದರೆ ರೆಸಾರ್ಟಾ?

ಅಲ್ಲ. ತಾಳಗುಪ್ಪದ ಹತ್ತಿರ ಹಿನ್ನೀರಿನ ದಡದಲ್ಲಿರುವ ಸಣ್ಣ ಹಳ್ಳಿ. ತೆಪ್ಪ, ಕಯಾಕ್, ಈಜು, ನಡುಗಡ್ಡೆಯಲ್ಲಿ ಟೆಂಟು, ಇದಕ್ಕೆ ಹೆಸರುವಾಸಿ. ಮೊದಲೇ ಹೇಳಿ ಜಾಗ ಗೊತ್ತು ಮಾಡಿಕೊಂಡು ಹೋಗಬೇಕು. ಸುಮ್ನೆ ಕಾರು ನಿಲ್ಲಿಸಿ ನೀರಿಗೆ ಧುಮುಕುವ ಜಾಗ ಅಲ್ಲ. ಟೀವಿ, ಎಸಿ, ಬಫೆ ಬೇಕು ಅನ್ನುವವರು ದಯವಿಟ್ಟು ಸಾಗರದಲ್ಲೇ ಉಳಿಯಿರಿ, ಅಲ್ಲಿ ಹೋಗಿ ಬೈಯಬೇಡಿ.

ಶಿವಮೊಗ್ಗದಲ್ಲಿ ಅರ್ಧ ದಿನ ಇದೆ. ಹತ್ತಿರದಲ್ಲೇ ನೀರು, ದೋಣಿ ಏನಿದೆ?

ತೀರ್ಥಹಳ್ಳಿ ರಸ್ತೆ ಹಿಡಿಯಿರಿ. ಸುಮಾರು 14 ಕಿಲೋಮೀಟರ್‌ಗೆ ಸಕ್ರೆಬೈಲು ಆನೆ ಬಿಡಾರ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ. ಆನೆಗಳ ಸ್ನಾನ ನೋಡಬೇಕಾದರೆ ಬೆಳಗ್ಗೆ ಎಂಟೂವರೆಗೆ ಅಲ್ಲಿರಬೇಕು. ಹನ್ನೊಂದು ಗಂಟೆ ಆದಮೇಲೆ ಹೋದರೆ ಆನೆ ಕಾಡಿಗೆ ಹೊರಟಿರುತ್ತದೆ. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ರಸ್ತೆಬದಿಯಿಂದಲೇ ಕಾಣುತ್ತದೆ. ಮಳೆಗಾಲದಲ್ಲಿ ಬಂದವರಿಗೆ ದೋಣಿ ಬೇಡ, ಇದು ಸಾಕು.

ಇನ್ನೊಂದು ಕಡೆ ಲಕ್ಕವಳ್ಳಿಯ ಭದ್ರಾ ಹಿನ್ನೀರು. ಜಿಲ್ಲೆ ಚಿಕ್ಕಮಗಳೂರು ಆದರೂ ಶಿವಮೊಗ್ಗಕ್ಕೆ ಹತ್ತಿರ. ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ಎದ್ದಾಗ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೋಣಿಯಲ್ಲಿ ಕೂತು ದೂರದಿಂದ ನೋಡಬೇಕು, ನಡುಗಡ್ಡೆಗೆ ಇಳಿಯುವ ಹಾಗಿಲ್ಲ. ಇಳಿದರೆ ಕಾಲ ಕೆಳಗೆ ಮೊಟ್ಟೆ ಬಿದ್ದದ್ದೂ ಗೊತ್ತಾಗುವುದಿಲ್ಲ, ಕಲ್ಲಿನದೇ ಬಣ್ಣ.

ಸಾಗರದಿಂದ ಕರಾವಳಿಗೆ ಇಳಿಯಲು ಯಾವ ಘಾಟಿ?

ಹೊನ್ನಾವರ, ಗೋಕರ್ಣಕ್ಕೆ ಜೋಗ, ಮಾವಿನಗುಂಡಿ ದಾಟಿ ಮಾಲೆಮನೆ ಘಾಟಿ. ಕುಂದಾಪುರಕ್ಕೆ ಹೊಸನಗರ, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ. ಮಲ್ಪೆ, ಉಡುಪಿಗೆ ತೀರ್ಥಹಳ್ಳಿ ಕಡೆಯಿಂದ ಬರುವವರಾದರೆ ಆಗುಂಬೆ. ಮಳೆಗಾಲದಲ್ಲಿ ಘಾಟಿಗಳಲ್ಲಿ ಗುಡ್ಡ ಜರಿಯುವುದು, ದೊಡ್ಡ ವಾಹನ ನಿಲ್ಲಿಸುವುದು ಇದ್ದೇ ಇದೆ. ಕೇಳಿಕೊಂಡು ಹೊರಡಿ.

ಮಾಲೆಮನೆ ಘಾಟಿಯಲ್ಲಿ ಸಿಂಗಳೀಕಗಳು ರಸ್ತೆಗೆ ಬರುತ್ತವೆ. ಕಪ್ಪು ಮೈ, ಮುಖದ ಸುತ್ತ ಬಿಳಿ ಜಡೆ. ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕಾರಿನಿಂದ ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ. ಮರದ ಮೇಲೆ ಬದುಕುವ ಪ್ರಾಣಿ ರಸ್ತೆಗೆ ಇಳಿಯೋದನ್ನು ಕಲಿತದ್ದೇ ಇದರಿಂದ, ಟೈರಿಗೆ ಸಿಕ್ಕಿ ಸಾಯುವುದೂ ಇದರಿಂದಲೇ.

ಹೊನ್ನಾವರದ ದೋಣಿ ವಿಹಾರ ಹೇಗಿದೆ?

ಒಂದೇ ಒಂದು ಜಾಗಕ್ಕೆ ಸಮಯ ಇದ್ದರೆ ಇಲ್ಲಿಗೇ ಹೋಗಿ ಅನ್ನುತ್ತೇನೆ. ಕಾರಣ ಸ್ವಲ್ಪ ಸ್ವಾರ್ಥದ್ದು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಬೊಗಸೆಯಷ್ಟು ಹುಟ್ಟಿ, ನಮ್ಮೂರನ್ನು ಮುಳುಗಿಸಿ, ಜೋಗದಲ್ಲಿ ಬಿದ್ದು, ಕರೆಂಟಾಗಿ ಬಂದ ನೀರು ಕಡಲು ಸೇರುವುದು ಇಲ್ಲಿ. ಹೊಳೆಯ ಅಗಲ ನೋಡಿದರೆ ಇದು ಅದೇನಾ ಅನಿಸುತ್ತದೆ. ಕೊಂಕಣ ರೈಲ್ವೆಯವರು ಶರಾವತಿ ದಾಟಲು ಎರಡು ಕಿಲೋಮೀಟರ್‌ಗಿಂತ ಉದ್ದದ ಸೇತುವೆ ಕಟ್ಟಬೇಕಾಯಿತು. ಆ ದಾರಿಯಲ್ಲಿ ಅತಿ ಉದ್ದದ್ದು ಅದೇ.

ದೋಣಿಗಳು ಹೊಳೆಯಲ್ಲಿ ಮೇಲಕ್ಕೆ ಹೋಗಿ ಕುರ್ವೆಗಳ ಸುತ್ತ ತಿರುಗಿಸಿಕೊಂಡು ಬರುತ್ತವೆ. ಹೊಳೆ ನಡುವಿನ ನಡುಗಡ್ಡೆಗೆ ಇಲ್ಲಿ ಕುರ್ವೆ ಅನ್ನುತ್ತಾರೆ, ಕುಂದಾಪುರ ಕಡೆ ಹೋದರೆ ಅದೇ ಕುದ್ರು. ತೆಂಗಿನ ಸಾಲು, ಮನೆ, ಮನೆ ಮುಂದೆ ಕಟ್ಟಿದ ದೋಣಿ. ಆಮೇಲೆ ಕಾಂಡ್ಲಾ ಕಾಡು. ಉಪ್ಪುನೀರಲ್ಲಿ ಬೆಳೆಯುವ ಈ ಗಿಡಗಳ ಬೇರುಗಳು ಕೆಸರಿನಿಂದ ಬೆರಳುಗಳ ಹಾಗೆ ಮೇಲೆ ಎದ್ದಿರುತ್ತವೆ, ಉಸಿರಾಡುವುದಕ್ಕೆ. ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಕಾಂಡ್ಲಾ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ, ದೋಣಿಗೆ ಹೆದರುವವರು ಅಲ್ಲಿ ನಡೆಯಬಹುದು. ಪಕ್ಕದಲ್ಲೇ ಇಕೋ ಬೀಚ್. ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕಿದ್ದು.

ಉಬ್ಬರ ಇಳಿತ ನೋಡಬೇಕು ಅಂತಾರೆ. ಅಷ್ಟೊಂದು ಮುಖ್ಯನಾ?

ಮುಖ್ಯ. ನಾನು ದುಡ್ಡು ಕೊಟ್ಟು ಕಲಿತ ಪಾಠ ಅದು. ಮಲೆನಾಡಿನವರಿಗೆ ಹೊಳೆ ಅಂದರೆ ಮಳೆ ಬಂದರೆ ಏರುತ್ತದೆ, ಹೋದರೆ ಇಳಿಯುತ್ತದೆ, ಅಷ್ಟೇ. ಕಡಲು ಸೇರುವ ಅಳಿವೆಯ ಹೊಳೆ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಅನ್ನುವುದು ತಲೆಗೆ ಹೋಗುವುದಿಲ್ಲ.

ಒಂದು ಸಲ ಮನೆಯವರನ್ನೆಲ್ಲ ಕಟ್ಟಿಕೊಂಡು ಮಧ್ಯಾಹ್ನ ಒಂದು ಗಂಟೆಗೆ ಕರಾವಳಿಯ ಒಂದು ಹೊಳೆಯಲ್ಲಿ ದೋಣಿ ಹತ್ತಿದೆ. ನೀರು ಇಳಿಯುವ ಹೊತ್ತು. ದೋಣಿಯವನಿಗೆ ಗೊತ್ತಿತ್ತು, ಗಿರಾಕಿ ಬಿಡಲು ಮನಸ್ಸಿರಲಿಲ್ಲ. ಕಾಂಡ್ಲಾ ನಡುವಿನ ಸಣ್ಣ ಕಾಲುವೆಗೆ ತಿರುಗಿದ್ದೇ ತಡ, ತಳ ಕೆಸರಿಗೆ ಕೂತಿತು. ಅವನು ಗಳ ಊರಿ ನೂಕಿದ, ನಾನೂ ನೂಕಿದೆ. ಗಳ ಒಳಗೆ ಹೋಯಿತೇ ಹೊರತು ದೋಣಿ ಅಲುಗಲಿಲ್ಲ. ಇಂಜಿನ್ ನಿಲ್ಲಿಸಿದ ಮೇಲೆ ಕೆಸರಿನ ಸದ್ದು ಕೇಳತೊಡಗಿತು. ಪಟ್, ಪಟ್ ಅಂತ ಗುಳ್ಳೆ ಒಡೆಯುವ ಸದ್ದು. ಒಂದು ಕೈ ಮಾತ್ರ ದೊಡ್ಡದಿರುವ ಏಡಿಗಳು ಬಿಲದಿಂದ ಬಂದು ಆ ಕೈ ಎತ್ತಿ ಇಳಿಸಿ ನಮ್ಮನ್ನೇ ಕರೆದ ಹಾಗೆ ಮಾಡಿದವು. ಕಣ್ಣು ತಲೆ ಮೇಲಿರುವ ಸಣ್ಣ ಮೀನುಗಳು ಕೆಸರಿನ ಮೇಲೆ ಕುಪ್ಪಳಿಸಿಕೊಂಡು ಹೋದವು. ಅಮ್ಮ ಕೊಡೆ ಬಿಚ್ಚಿ ಕೂತಳು. ಮತ್ತೆ ನೀರು ಬರುವವರೆಗೆ ಎರಡು ಗಂಟೆಗೂ ಜಾಸ್ತಿ. ಮಗಳಿಗೆ ಮಾತ್ರ ಇವತ್ತಿಗೂ ಅದೇ ಅತ್ಯುತ್ತಮ ಪ್ರವಾಸ.

ಉಬ್ಬರದ ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಇವತ್ತು ಹತ್ತಕ್ಕೆ ಇದ್ದರೆ ನಾಳೆ ಹತ್ತೂಮುಕ್ಕಾಲರ ಮೇಲೆ. ಮೀನುಗಾರರನ್ನು ಕೇಳಿದರೆ ಪಂಚಾಂಗ ನೋಡದೆ ಹೇಳುತ್ತಾರೆ. ಉಬ್ಬರಕ್ಕೆ ಒಂದು ಗಂಟೆ ಮುಂಚೆ ಹತ್ತಿ.

ಗೇರುಸೊಪ್ಪೆಯಲ್ಲಿ ಇಳಿಯಬೇಕಾ?

ದಾರಿಯಲ್ಲೇ ಇದೆ, ಇಳಿಯಿರಿ. ಶರಾವತಿ ದಡದ ಕಾಡಿನೊಳಗೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಹದಿನಾರನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಇಲ್ಲಿಂದ ಆಳಿದವಳು. ನಮ್ಮ ಘಟ್ಟದ ಕಾಳುಮೆಣಸು ಈ ಹೊಳೆಯಲ್ಲೇ ದೋಣಿಯಲ್ಲಿಳಿದು ಕಡಲಿಗೆ ಹೋಗುತ್ತಿತ್ತು, ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅಂದರು. ಬಸದಿಯಲ್ಲಿ ಹೆಚ್ಚಿನ ಹೊತ್ತು ಒಬ್ಬರೂ ಇರುವುದಿಲ್ಲ. ನೀರು, ತಿಂಡಿ ಜೊತೆಗಿರಲಿ.

ಗೋಕರ್ಣದಲ್ಲಿ ದೋಣಿ?

ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆ ದೋಣಿ ಸಿಗುತ್ತದೆ. ಎಲ್ಲರೂ ಹತ್ತುವುದು ಅದನ್ನೇ. ನನಗೆ ಇಷ್ಟ ತದಡಿ. ಗೋಕರ್ಣದ ಪಕ್ಕದ ಮೀನುಗಾರಿಕೆ ಊರು. ಅಲ್ಲಿಂದ ಅಘನಾಶಿನಿ ನದಿ ದಾಟಿದರೆ ಆಚೆ ಅಘನಾಶಿನಿ ಅನ್ನುವ ಊರು, ಕುಮಟಾ ಕಡೆಯದು. ಊರವರು ದಿನವೂ ದಾಟುವ ಕಡವು. ಮೀನಿನ ಬುಟ್ಟಿ, ಸೈಕಲ್ಲು, ಕಾಲೇಜು ಹುಡುಗರ ನಡುವೆ ನೀವೂ ನಿಲ್ಲುತ್ತೀರಿ. ವಿಹಾರದ ದೋಣಿಯ ಖರ್ಚಿನ ಎದುರು ಇದು ಏನೂ ಅಲ್ಲ.

ನೀರು ಇಳಿದಾಗ ಹೊಳೆಯ ನಡುವೆ ಜನ ಸೊಂಟದುದ್ದ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಮೀನು) ಆರಿಸುತ್ತಿರುತ್ತಾರೆ. ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಶರಾವತಿ ದಡದಿಂದ ಬಂದ ನನಗೆ ಅದನ್ನು ನೋಡುವಾಗ ಏನೋ ಒಂಥರಾ ಆಗುತ್ತದೆ. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಹತ್ತಿರದಲ್ಲೇ ಮಿರ್ಜಾನ್ ಕೋಟೆ, ಅದಕ್ಕೆ ಒಂದು ಗಂಟೆ ಸಾಕು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದಾ?

ಮಳೆಗಾಲ ಬಿಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ಇರುವುದಿಲ್ಲ. ಶುರುವಾಗುವ ದಿನ ಕಡಲು ನೋಡಿಕೊಂಡು ಹೇಳುತ್ತಾರೆ. ದ್ವೀಪದ ಕಲ್ಲುಗಳೇ ಅಲ್ಲಿನ ವಿಶೇಷ. ಐದು ಮೂಲೆ, ಆರು ಮೂಲೆಯ ಕಂಬಗಳನ್ನು ಯಾರೋ ಕಡೆದು ಜೋಡಿಸಿಟ್ಟ ಹಾಗಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗುತ್ತಾ ಬಿರುಕು ಬಿಟ್ಟು ಆದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಮರಳಿಗಿಂತ ಕಪ್ಪೆಚಿಪ್ಪು ಜಾಸ್ತಿ, ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ. ನೆರಳು ಕಡಿಮೆ. ಬೆಳಗಿನ ಮೊದಲ ದೋಣಿಗೇ ಹೋಗಿ. ಭಾನುವಾರ ಬೇಡ.

ಮುರುಡೇಶ್ವರದ ನೇತ್ರಾಣಿ?

ನೀರೊಳಗೆ ಮುಳುಗಿ ಹವಳ, ಮೀನು ನೋಡುವವರಿಗೆ. ಸುಮಾರು 19 ಕಿಲೋಮೀಟರ್ ಕಡಲೊಳಗೆ ಹೋಗಬೇಕು. ದೋಣಿ ತೂಗುತ್ತದೆ. ಬೆಳಗ್ಗೆ ಮಸಾಲೆದೋಸೆ ತಿಂದು ಹತ್ತಬೇಡಿ.

ಈಜು ಬರಲ್ಲ. ಹೆದರಬೇಕಾ?

ಲೈಫ್ ಜಾಕೆಟ್ ಹಾಕಿಕೊಂಡರೆ ಬೇಡ. ಹಾಕಿಕೊಳ್ಳುವುದು ಅಂದರೆ ಹೆಗಲಿಗೆ ನೇತು ಹಾಕುವುದಲ್ಲ, ಬಕಲ್ ಬಿಗಿಯಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಕೇಳಿ. ಜಾಕೆಟ್ ಇಲ್ಲ ಅಂದರೆ ಆ ದೋಣಿ ಬೇಡ, ಎಷ್ಟು ಅಗ್ಗ ಆದರೂ. ಸೆಲ್ಫಿಗೆ ಎಲ್ಲರೂ ಒಂದೇ ಕಡೆ ಓಡಿದರೆ ಸಣ್ಣ ದೋಣಿ ವಾಲುತ್ತದೆ.

ಹಿನ್ನೀರಿನ ದಡ ನೋಡಲು ಕೆರೆ ಥರ ಶಾಂತ. ಒಳಗೆ ಅದು ಬೆಟ್ಟದ ಇಳಿಜಾರು. ಎರಡು ಹೆಜ್ಜೆ ಮೊಣಕಾಲುದ್ದ, ಮೂರನೆಯದಕ್ಕೆ ಆಳ. ಪ್ರತಿ ವರ್ಷ ಇದು ಗೊತ್ತಿಲ್ಲದೆ ಹೊರಗಿನ ಹುಡುಗರು ಜೀವ ಕಳೆದುಕೊಳ್ಳುತ್ತಾರೆ. ಊರವರ ಉಕ್ಕಡ, ತೆಪ್ಪ ದಡದಲ್ಲಿ ಕಟ್ಟಿರುತ್ತದೆ. ಬಿಚ್ಚಿಕೊಂಡು ಹೋಗುವ ಸಾಹಸ ಬೇಡ.

ರೈಲಿನಲ್ಲಿ ಬರಬಹುದಾ?

ಬೆಂಗಳೂರಿನಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಗ್ಗೆ ಸಾಗರದಲ್ಲಿ ಕಣ್ಣು ಬಿಡಬಹುದು. ತಾಳಗುಪ್ಪಕ್ಕೆ ಹಳಿ ಮುಗಿಯುತ್ತದೆ. ಅಲ್ಲಿಂದ ಹೊನ್ನಾವರಕ್ಕೆ ರೈಲು ಬರುತ್ತದೆ ಅಂತ ನಮ್ಮ ಅಪ್ಪಯ್ಯನ ಕಾಲದಿಂದ ಕೇಳುತ್ತಿದ್ದೇವೆ. ನೀವು ಬಸ್ಸಿಗೇ ಹತ್ತಿ. ವಿಮಾನ ಬೇಕಿದ್ದರೆ ಶಿವಮೊಗ್ಗದಲ್ಲಿ 2023ರಿಂದ ನಿಲ್ದಾಣ ಇದೆ.

ಮೂರು ದಿನ ಇದೆ. ಹೇಗೆ ಹಂಚಿಕೊಳ್ಳಲಿ?

ಅಕ್ಟೋಬರ್‌ನಿಂದ ಜನವರಿ ನಡುವೆ ಅಂದುಕೊಳ್ಳಿ. ಮೊದಲ ದಿನ ಬೆಳಗ್ಗೆ ಸಾಗರ, ಇಕ್ಕೇರಿ ದೇವಸ್ಥಾನ ನೋಡಿ ಮಧ್ಯಾಹ್ನ ಸೇತುವೆ ಮೇಲೆ ಸಿಗಂದೂರು. ದಾರಿಯುದ್ದಕ್ಕೂ ತೋಟ, ಗದ್ದೆಗಳ ಬೇಲಿಯಲ್ಲಿ "ಚೌಡೇಶ್ವರಿ ದೇವಿಯ ಕಾವಲಿದೆ" ಅನ್ನುವ ಬೋರ್ಡು ಕಾಣುತ್ತದೆ. ಸಿಸಿಟಿವಿಗಿಂತ ಜೋರು ಅದು, ಅಲ್ಲಿ ಒಂದು ನಿಂಬೆಹಣ್ಣನ್ನೂ ಯಾರೂ ಮುಟ್ಟುವುದಿಲ್ಲ. ಸಂಕ್ರಾಂತಿ ಜಾತ್ರೆಯ ಹೊತ್ತಿಗೆ ಮಾತ್ರ ಪ್ರವಾಸಕ್ಕೆ ಅಂತ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ಎರಡನೇ ದಿನ ಹಸಿರುಮಕ್ಕಿ ಅಥವಾ ಮುಪ್ಪಾನೆ, ಸಂಜೆ ಜೋಗ. ಮೂರನೇ ದಿನ ಬೆಳಗಿನ ಜಾವ ಘಾಟಿ ಇಳಿದು ಹೊನ್ನಾವರದ ಉಬ್ಬರ ಹಿಡಿಯಿರಿ.

ಇದರಲ್ಲಿ ಗೋಕರ್ಣ, ಮುರುಡೇಶ್ವರ, ಮಲ್ಪೆ ಎಲ್ಲ ತುರುಕಿದರೆ ನೀವು ನೋಡುವುದು ಕಾರಿನ ಗಾಜನ್ನು. ಅವಕ್ಕೆ ಇನ್ನೊಂದು ಸಲ ಬನ್ನಿ.

ಊಟ ತಿಂಡಿ?

ಘಾಟಿ ಮೇಲೆ ಕೊಟ್ಟೆಕಡುಬು, ಅಪ್ಪೆಹುಳಿ, ತೊಡೆದೇವು. ಘಾಟಿ ಕೆಳಗೆ ನೀರುದೋಸೆ, ಬಂಗಡೆ, ಬಳಚು. ತೊಡೆದೇವು ಮನೆಗೂ ಒಯ್ಯಬಹುದು, ಆದರೆ ಬ್ಯಾಗಿನ ಅಡಿಯಲ್ಲಿಟ್ಟರೆ ಪುಡಿಯಾಗುತ್ತದೆ.

ಇಂಬಳ (ಕಾಡಿನ ಜಿಗಣೆ) ಕಚ್ಚುತ್ತಾ?

ಮಳೆಗಾಲದಲ್ಲಿ ಕಾಡಿಗೆ ಕಾಲಿಟ್ಟರೆ ಕಚ್ಚದೆ ಬಿಡುವುದಿಲ್ಲ. ನೋವಾಗುವುದಿಲ್ಲ, ರಕ್ತ ಮಾತ್ರ ನಿಲ್ಲಲು ತಡ. ಕಿತ್ತು ಎಳೆಯಬೇಡಿ, ಸುಣ್ಣವೋ ಉಪ್ಪೋ ತಾಗಿಸಿ, ತಾನೇ ಬೀಳುತ್ತದೆ. ನೀರಿನ ಮೇಲೆ ಇರುವಷ್ಟು ಹೊತ್ತು ಅದರ ಕಾಟ ಇಲ್ಲ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆತರುತ್ತಿದ್ದೇವೆ. ಎಲ್ಲಿ ಹತ್ತಿಸಬಹುದು?

ಲಾಂಚ್ ಅವರಿಗೆ ಸುಲಭ, ನೆಲದ ಮಟ್ಟಕ್ಕೇ ಹಲಗೆ ಬೀಳುತ್ತದೆ. ಹೊನ್ನಾವರದ ಹೊಳೆ ದೋಣಿಯೂ ಪರವಾಗಿಲ್ಲ, ತೆರೆ ಇಲ್ಲ. ಸೇಂಟ್ ಮೇರೀಸ್‌ನಲ್ಲಿ ಹತ್ತಿ ಇಳಿಯುವುದು ಕಷ್ಟ. ಮೊಣಕಾಲು ನೋವಿದ್ದವರನ್ನು ದಡದಲ್ಲಿ ಕೂರಿಸಿ ಎಳನೀರು ಕೊಡಿಸಿ ಹೋಗಿ. ನಮ್ಮ ಅಮ್ಮನಿಗಂತೂ ಆ ಕೆಸರಿನ ದಿನ ಆದಮೇಲೆ ದೋಣಿ ಅಂದರೆ ಮೊದಲ ಪ್ರಶ್ನೆ ಒಂದೇ: "ನೀರು ಏರೋದಾ, ಇಳಿಯೋದಾ?"